ಮೆಸೇಜ್ ಬಂದೇ ಇಲ್ಲ ಸಾರ್

ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತಾಗ, ಮನೆಗೊಂದು ಮಾತು ತಿಳಿಸೋಣವೆಂದರೆ ಮೊಬೈಲಿನಲ್ಲಿ ಒಂದು ಕಡ್ಡಿ ನೆಟ್‌ವರ್ಕೂ ಇರುವುದಿಲ್ಲ. ಆದರೆ ‘ನಿಮಗೆ ಐದು ಲಕ್ಷ ಸಾಲ ಮಂಜೂರಾಗಿದೆ’ ಎಂಬ ಮೆಸೇಜು ಮಾತ್ರ ಆ ಮಳೆಯಲ್ಲೂ, ಆ ಮಂಜಿನಲ್ಲೂ ದಾರಿ ಹುಡುಕಿಕೊಂಡು ಬಂದು ಟಿಂಗ್ ಎನ್ನುತ್ತದೆ. ಇದನ್ನು ತಾಂತ್ರಿಕ ದೋಷ ಎನ್ನುವವರು ಪಾಪದವರು. ದೊಡ್ಡವರ ಮೆಸೇಜು ಚಿಕ್ಕವರಿಗೆ ತಲುಪದೆ ಇರಕೂಡದು, ಚಿಕ್ಕವರದು ದೊಡ್ಡವರಿಗೆ ತಲುಪಿದರೂ ತಲುಪಕೂಡದು. ಈ ಏರ್ಪಾಡು ಟವರುಗಳು ಬರುವ ಮೊದಲೇ ಇತ್ತು. ಟವರುಗಳು ಅದಕ್ಕೆ ಕರೆಂಟು ಕೊಟ್ಟವು, ಅಷ್ಟೇ.

ಟಪಾಲಿನ ಕಾಲದಲ್ಲಿ ಎಲ್ಲರಿಗೂ ಸಮನಾಗಿ ಹಂಚಿದ್ದ ಒಂದು ಸೌಕರ್ಯವಿತ್ತು. ಸಾಲ ಕೇಳಿ ಬರೆದ ಕಾಗದ, ಸಾಲ ವಾಪಸು ಕೇಳಿ ಬರೆದ ಕಾಗದ ಎರಡಕ್ಕೂ ‘ಕಾಗದ ಕೈಸೇರಲಿಲ್ಲ ಮಾರಾಯ’ ಎಂದರೆ ಮುಗಿಯಿತು. ಬೈಸಿಕೊಳ್ಳಲು ಅಂಚೆಯವನಿದ್ದ. ಮನೆ ಬಾಗಿಲಿಗೇ ಬಂದು ಸಹಿ ಹಾಕಿಸಿಕೊಳ್ಳುತ್ತಿದ್ದ ಟೆಲಿಗ್ರಾಂ ಒಂದೇ ಇದಕ್ಕೆ ಅಪವಾದ. ಅದನ್ನೂ ಸರ್ಕಾರ 2013ರ ಜುಲೈನಲ್ಲಿ ನಿಲ್ಲಿಸಿತು.

ಎಸ್ಸೆಮ್ಮೆಸ್ ಹುಟ್ಟಿದ್ದೇ ಉತ್ತರವಿಲ್ಲದೆ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರು ಕಂಪ್ಯೂಟರಿನಿಂದ ವೋಡಾಫೋನ್ ಕಂಪನಿಯ ಅಧಿಕಾರಿಯೊಬ್ಬರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಅಧಿಕಾರಿ ಮರುತ್ತರ ಕೊಡಲಿಲ್ಲ. ಆ ಫೋನಿನಿಂದ ಮೆಸೇಜು ಕಳಿಸಲು ಬರುತ್ತಲೇ ಇರಲಿಲ್ಲ. ಅಧಿಕಾರಿಗಳಿಗೆ ಅದಕ್ಕಿಂತ ಒಪ್ಪುವ ಫೋನನ್ನು ಆಮೇಲೆ ಯಾರೂ ತಯಾರಿಸಿಲ್ಲ.

ನಾವು ಕಳಿಸಿದ ಎಸ್ಸೆಮ್ಮೆಸ್ ನೆಟ್ಟಗೆ ಎದುರಿನವರ ಜೇಬಿಗೆ ಹೋಗುವುದಿಲ್ಲ. ಮೊದಲು ಕಂಪನಿಯ ಮೆಸೇಜು ಕೇಂದ್ರದಲ್ಲಿ ಕೂರುತ್ತದೆ. ಆಚೆಯ ಫೋನು ಸ್ವಿಚಾಫ್ ಆಗಿದ್ದರೆ ಅಲ್ಲೇ ಕಾದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಗಡುವು ಮುಗಿದರೆ ಯಾರಿಗೂ ಹೇಳದೆ ಅಳಿದುಹೋಗುತ್ತದೆ. ದುಡ್ಡು ಕಡಿತವಾದದ್ದು ಖಾತ್ರಿ, ಮೆಸೇಜು ಮುಟ್ಟಿದ್ದು ಮಾತ್ರ ದೈವಚಿತ್ತ. ಅದರಲ್ಲೂ ಕನ್ನಡದಲ್ಲಿ ಬರೆಯುವ ಹಟ ತೊಟ್ಟವರ ಪಾಡು ಬೇರೆ. ಇಂಗ್ಲಿಷಿನವರಿಗೆ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡಕ್ಕೆ 70. ಆ 70ರಲ್ಲೂ ಒತ್ತು, ಗುಣಿತ, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂದರೆ ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ‘ತಮಗೂ ತಮ್ಮ ಕುಟುಂಬದವರಿಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಬರೆಯುವಷ್ಟರಲ್ಲಿ 53 ಖರ್ಚಾಗಿರುತ್ತದೆ. ಮಿಕ್ಕ 17ರಲ್ಲಿ ಹೆಸರು, ಇನಿಷಿಯಲ್ಲು, ಊರು, ಪದವಿ ಎಲ್ಲ ತುಂಬಬೇಕು. ಒಂದು ಅಕ್ಷರ ಮೀರಿದರೆ ಎರಡು ಮೆಸೇಜಿನ ದುಡ್ಡು. ಇಷ್ಟೆಲ್ಲ ಮಾಡಿ ಕಳಿಸಿದರೆ ಆ ಕಡೆಯ ಹಳೆಯ ಸೆಟ್ಟಿನಲ್ಲಿ ಸಾಲಾಗಿ ಖಾಲಿ ಚೌಕಗಳು ಮೂಡುತ್ತಿದ್ದವು. ಕನ್ನಡಿಗರು ಕಡೆಗೆ ‘ಊಟ ಆಯ್ತಾ’ ಎಂಬುದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕೇಳಲು ಕಲಿತದ್ದು ಭಾಷಾದ್ರೋಹದಿಂದಲ್ಲ, ಜಿಪುಣತನದಿಂದ. ನವೆಂಬರ್ ತಿಂಗಳ ಭಾಷಣಗಳಲ್ಲಿ ಈ ಕಾರಣವನ್ನು ಯಾರೂ ಹೇಳುವುದಿಲ್ಲ.

ಹಬ್ಬದ ದಿನ ಮೆಸೇಜು ಪ್ಯಾಕು ನಡೆಯುವುದಿಲ್ಲವೆಂದು ಕಂಪನಿಗಳು ಪೂರ್ತಿ ದರ ಕೀಳುತ್ತಿದ್ದ ಕಾಲವದು. ಹಾಗಾಗಿ ಯುಗಾದಿಯ ಶುಭಾಶಯ ಹಿಂದಿನ ರಾತ್ರಿಯೇ ಬರುತ್ತಿತ್ತು. ಬೇವಿಗಿಂತ ಮೊದಲು ಬೆಲ್ಲ. 2011ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಜಾಹೀರಾತು ಮೆಸೇಜುಗಳ ಕಾಟ ತಪ್ಪಿಸಲು ಒಂದು ಸಿಮ್ಮಿಗೆ ದಿನಕ್ಕೆ ನೂರೇ ಮೆಸೇಜು ಎಂದು ಬೇಲಿ ಹಾಕಿತು. ಎರಡು ತಿಂಗಳೊಳಗೆ ಅದನ್ನು ಇನ್ನೂರಕ್ಕೆ ಏರಿಸಿತು. ಬೇಲಿಯಿಂದ ಕಾಲೇಜು ಪ್ರೇಮಿಗಳಿಗೆ ತೊಂದರೆಯಾಯಿತು. ಸೈಟು ಮಾರುವವರು ಮಾತ್ರ ಇಂದಿಗೂ ಕುಶಲವಾಗಿದ್ದಾರೆ.

ಆಮೇಲೆ ವಾಟ್ಸಾಪು ಬಂತು. ಒಂದು ಗೀಟು ಎಂದರೆ ಹೊರಟಿದೆ, ಎರಡು ಗೀಟು ಎಂದರೆ ಮುಟ್ಟಿದೆ. 2014ರ ನವೆಂಬರಿನಲ್ಲಿ ಗೀಟುಗಳಿಗೆ ನೀಲಿ ಬಣ್ಣ ಬಂದು, ಓದಿದ್ದೂ ಗೊತ್ತಾಗುವಂತಾಯಿತು. ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದ ‘ಕೈಸೇರಲಿಲ್ಲ’ ಎಂಬ ಆಸ್ತಿ ಒಂದೇ ರಾತ್ರಿಯಲ್ಲಿ ಮುಟ್ಟುಗೋಲಾಯಿತು. ಮೆಸೇಜು ಸರಿಯಾಗಿ ಮುಟ್ಟಲಿ ಎಂದು ಹಲುಬುತ್ತಿದ್ದವರೇ, ಅದು ನಿಜವಾಗಿ ಮುಟ್ಟತೊಡಗಿದಾಗ ಕಂಗಾಲಾದರು. ನೀಲಿ ಗೀಟು ಆಫ್ ಮಾಡುವುದು ಹೇಗೆ, ‘ಲಾಸ್ಟ್ ಸೀನ್’ ಅಡಗಿಸುವುದು ಹೇಗೆ, ಏರೋಪ್ಲೇನ್ ಮೋಡಿಗೆ ಹಾಕಿ ಓದುವುದು ಹೇಗೆ ಎಂಬ ವಿದ್ಯೆ ಊರೂರಲ್ಲಿ ಹರಡಿತು. ಎಂದೂ ವಿಮಾನ ಹತ್ತದವರೂ ಏರೋಪ್ಲೇನ್ ಮೋಡು ಬಲ್ಲವರಾದರು.

ಈಗ ಯಾರಿಗೆ ಯಾವ ಆ್ಯಪು ಇಷ್ಟ ಎಂದು ಕೇಳಿ ನೋಡಿ. ಸುರಕ್ಷತೆ, ಗೋಪ್ಯತೆ, ಸ್ವದೇಶಿ ಎಂದೆಲ್ಲ ಹೇಳುತ್ತಾರೆ. ಕೆದಕಿದರೆ ಪ್ರತಿಯೊಬ್ಬರೂ ಆರಿಸಿಕೊಂಡಿರುವುದು ತಮಗೆ ಬೇಕಾದ ನೆಪವನ್ನು. ಮೈಸೂರಿನ ಒಂದು ಸಾಧಾರಣ ಸಂಸಾರವನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಮಗಳು ಐಮೆಸೇಜಿನಲ್ಲಿರುತ್ತಾಳೆ. ಅಲ್ಲಿ ಐಫೋನಿನವರ ಮಾತಿಗೆ ನೀಲಿ ಬಣ್ಣ, ಉಳಿದವರದಕ್ಕೆ ಹಸಿರು. ಹಸಿರು ಬಣ್ಣದವರನ್ನು ಗುಂಪಿನಲ್ಲಿ ಸೇರಿಸಿಕೊಳ್ಳಲು ಹಿಂಜರಿಯುವಷ್ಟರ ಮಟ್ಟಿಗೆ ಅಮೆರಿಕದ ಹುಡುಗರಲ್ಲಿ ಮಡಿ ಬೆಳೆದಿದೆ. 2024ರಲ್ಲಿ ಆ್ಯಪಲ್ ಕಂಪನಿ ಆರ್‌ಸಿಎಸ್ ಎಂಬ ಹೊಸ ಏರ್ಪಾಡನ್ನು ಒಪ್ಪಿಕೊಂಡು ಎರಡೂ ಕಡೆಯವರ ಫೋಟೋಗಳು ಸ್ಪಷ್ಟವಾಗಿ ಹೋಗಿಬರುವಂತೆ ಮಾಡಿತು, ಬಣ್ಣವನ್ನು ಮಾತ್ರ ಬಿಡಲಿಲ್ಲ. ಸಹಪಂಕ್ತಿ ಆಯಿತು, ಎಲೆ ಬೇರೆಯೇ ಉಳಿಯಿತು. ಜರ್ಮನಿಯ ಮಗ, 2021ರ ಜನವರಿಯಲ್ಲಿ ವಾಟ್ಸಾಪು ನಿಯಮ ಬದಲಿಸುತ್ತೇನೆಂದಾಗ ಸಿಟ್ಟಾಗಿ ಸಿಗ್ನಲ್ಲಿಗೆ ವಲಸೆ ಹೋದವನು, ಅಲ್ಲೇ ಒಂಟಿಯಾಗಿದ್ದಾನೆ. ಚಿಕ್ಕಪ್ಪ ಟೆಲಿಗ್ರಾಂ ಆ್ಯಪಿನಲ್ಲಿದ್ದಾರೆ. ವಿಚಾರಗಳಿಗಾಗಿ ಎನ್ನುತ್ತಾರೆ, ಸಿನಿಮಾ ಫೈಲುಗಳಿಗಾಗಿ ಎಂದು ಚಿಕ್ಕಮ್ಮ ಹೇಳುತ್ತಾರೆ. ಭಾವ 2025ರ ದಸರಾ ಹೊತ್ತಿಗೆ ದೇಶಾಭಿಮಾನ ಉಕ್ಕಿ ಸ್ವದೇಶಿ ಕಂಪನಿ ಜೋಹೋದವರ ಅರಟ್ಟೈ ಆ್ಯಪು ಹಾಕಿಕೊಂಡರು. ‘ಎಲ್ಲರೂ ಇದಕ್ಕೇ ಬನ್ನಿ’ ಎಂಬ ಕರೆಯನ್ನು ಅವರು ಕಳಿಸಿದ್ದು ವಾಟ್ಸಾಪಿನಲ್ಲಿ.

ಅಮ್ಮ ಮಾತ್ರ ವಾಯ್ಸ್ ಮೆಸೇಜು. ನಾಲ್ಕು ನಿಮಿಷದ ಆ ಧ್ವನಿಸುರುಳಿಯಲ್ಲಿ ಮೊದಲ ನಿಮಿಷ ಕುಕ್ಕರು, ಎರಡನೆಯದರಲ್ಲಿ ‘ಇದು ರೆಕಾರ್ಡ್ ಆಗ್ತಾ ಇದೆಯೋ ಇಲ್ವೋ ನೋಡ್ರೀ’, ಮೂರನೆಯದರಲ್ಲಿ ಅಪ್ಪನ ಕೆಮ್ಮು, ಕೊನೆಯ ಹತ್ತು ಸೆಕೆಂಡಿನಲ್ಲಿ ‘ಅಜ್ಜಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರ್ಸಿದೀವಿ.’ ಮಕ್ಕಳು ಮೊದಲ ನಿಮಿಷದಲ್ಲೇ ಹೆಬ್ಬೆರಳಿನ ಚಿತ್ರ ಕಳಿಸಿರುತ್ತಾರೆ. ಹೀಗೆ ಐದು ಆ್ಯಪುಗಳಲ್ಲಿ ಹಂಚಿಹೋದ ಸಂಸಾರಕ್ಕೆ ಅಜ್ಜಿಯ ಸುದ್ದಿ ಒಬ್ಬೊಬ್ಬರಿಗೆ ಒಂದೊಂದು ದಿನ ಮುಟ್ಟುತ್ತದೆ. ಅಷ್ಟರಲ್ಲಿ ಅಜ್ಜಿ ಹುಷಾರಾಗಿ ಮನೆಗೆ ಬಂದು, ‘ಒಬ್ರಾದ್ರೂ ವಿಚಾರಿಸಿದ್ರಾ’ ಎಂದು ಕೇಳಲು ಕೂತಿರುತ್ತಾರೆ.

ಸರ್ಕಾರಿ ಕಚೇರಿಗಳಲ್ಲಿ ಇಂಥ ಗೊಂದಲವಿಲ್ಲ. ಅಲ್ಲಿ ಎಲ್ಲವೂ ವಾಟ್ಸಾಪ್ ಗ್ರೂಪು. ರಾತ್ರಿ ಹನ್ನೊಂದಕ್ಕೆ ಮೇಲಿನಿಂದ ಒಂದು ಪಿಡಿಎಫ್ ಇಳಿಯುತ್ತದೆ, ಮೇಲೆ ‘ಅತಿ ಜರೂರು’. ನಾಳೆ ಬೆಳಗ್ಗೆ ಹತ್ತರೊಳಗೆ ಮಾಹಿತಿ ಕೊಡತಕ್ಕದ್ದು. ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಎಲ್ಲರೂ ಐದು ನಿಮಿಷದೊಳಗೆ ಕೈಮುಗಿದ ಚಿತ್ರ ಹಾಕಬೇಕು. ಹಾಕದಿದ್ದರೆ ‘ನೋಡಿಯೂ ಉತ್ತರಿಸದಿರುವುದು ಕರ್ತವ್ಯಲೋಪ.’ ಅದೇ ಗ್ರೂಪಿನಲ್ಲಿ ಅಂಗನವಾಡಿಯವರು ‘ಸಾರ್, ಮೂರು ತಿಂಗಳಿಂದ ಬಾಡಿಗೆ ಬಂದಿಲ್ಲ’ ಎಂದು ಹಾಕಿದರೆ, ಎರಡು ಗೀಟು ಬೂದು ಬಣ್ಣದಲ್ಲೇ ಮುಪ್ಪಾಗುತ್ತವೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಸಾಹೇಬರು ಟೂರಿನಲ್ಲಿದ್ದಾರೆ. ಸಾಹೇಬರಿಗೆ ನೆಟ್‌ವರ್ಕ್ ಇರಲಿಲ್ಲ.

ನೆಟ್‌ವರ್ಕ್ ಇಲ್ಲ ಎಂಬ ಮಾತು ನಿಜವಾಗಿರುವ ಊರುಗಳೂ ಇವೆ. ಅಲ್ಲಿಯವರು ಹೇಳಿದರೆ ಯಾರೂ ನಂಬುವುದಿಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯ ರಸ್ತೆಬದಿಯಲ್ಲಿ ಮಗಳು ಸುರಿವ ಮಳೆಯಲ್ಲಿ ಆನ್‌ಲೈನ್ ಪಾಠ ಕೇಳುತ್ತಾ, ತಂದೆ ಅವಳಿಗೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತು. ಆ ಚಿತ್ರ ನೋಡಿದ ಮೇಲಷ್ಟೇ ಮಲೆನಾಡಿನ ಮಕ್ಕಳು ನೆಪ ಹೇಳುತ್ತಿರಲಿಲ್ಲವೆಂದು ರಾಜಧಾನಿಗೆ ಗೊತ್ತಾದದ್ದು. ನಾಲ್ಕು ಕಡ್ಡಿ ತುಂಬಿರುವ ಬೆಂಗಳೂರಿನಲ್ಲಿ ಕೂತವರು ‘ಸಿಗ್ನಲ್ ಇರಲಿಲ್ಲ ಮಾರಾಯ್ರೆ’ ಎಂದರೆ ಮಾತ್ರ ಎಲ್ಲರೂ ತಲೆಯಾಡಿಸುತ್ತೇವೆ.

ಯಂತ್ರವೇ ಕೈಕೊಟ್ಟ ದಿನಗಳೂ ಇವೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ತಾಸು ಮಲಗಿದವು. ಮರುವರ್ಷ ಅಕ್ಟೋಬರ್ 25ರಂದು ಸಂಜೆ ಸೂರ್ಯಗ್ರಹಣವಿತ್ತು. ವಾಟ್ಸಾಪಿಗೆ ಮಧ್ಯಾಹ್ನವೇ ಹಿಡಿದು ಹೆಚ್ಚುಕಡಿಮೆ ಎರಡು ತಾಸಿನ ಮೇಲೆ ಮೋಕ್ಷವಾಯಿತು. ಗ್ರಹಣಕಾಲದಲ್ಲಿ ಏನು ತಿನ್ನಬಾರದು ಎಂಬ ಫಾರ್ವರ್ಡುಗಳು ಸಕಾಲಕ್ಕೆ ಹೋಗದೆ ಎಷ್ಟೋ ಮನೆಗಳಲ್ಲಿ ಜನ ನೆಮ್ಮದಿಯಾಗಿ ಊಟ ಮಾಡಿದರು. ಆಗ ಗೊಣಗಿದವರಿಗಿಂತ ಒಳಗೊಳಗೇ ಹಿಗ್ಗಿದವರೇ ಹೆಚ್ಚು ಎಂದು ನನ್ನ ಗುಮಾನಿ. ‘ನಿನ್ನೆ ವಾಟ್ಸಾಪ್ ಕೆಟ್ಟಿತ್ತಲ್ಲ, ಅದಕ್ಕೇ ನೋಡಲಿಲ್ಲ’ ಎಂಬ ಮಾತು ಆಮೇಲೆ ವಾರಗಟ್ಟಲೆ ಓಡಿತು. ಎರಡು ತಾಸಿನ ಗ್ರಹಣಕ್ಕೆ ಹದಿನೈದು ದಿನದ ಸೂತಕ.

ನಗು ಬರದ ಜಾಗವೆಂದರೆ ಓಟಿಪಿ. ಎಲ್ಲ ಮೆಸೇಜುಗಳಿಗೂ ಬದಲಿ ದಾರಿಯಿದೆ, ಇದೊಂದಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಕೆಲವೇ ನಿಮಿಷ ಆಯುಷ್ಯವಿರುವ ಆರು ಅಂಕಿ, ಮುಗಿದ ಮೇಲೆ ಬರುತ್ತದೆ. ಮತ್ತೆ ಕೇಳಿದರೆ ಹಳೆಯದು ಮೊದಲು ಬಂದು, ಹೊಸದು ಆಮೇಲೆ ಬಂದು, ಮೂರನೆಯ ಸಲಕ್ಕೆ ಖಾತೆ ಬ್ಲಾಕ್. ನನಗೂ ಒಮ್ಮೆ ಹೀಗಾಗಿ ಬ್ಯಾಂಕಿಗೆ ಹೋದರೆ, ಕೌಂಟರಿನವರು ‘ನಮ್ಮ ಕಡೆಯಿಂದ ಹೋಗಿದೆ ಸಾರ್, ನಿಮ್ಮ ಫೋನು ತೋರಿಸಿಕೊಳ್ಳಿ’ ಎಂದರು. ವೈದ್ಯರಿಗೆ ತೋರಿಸಿಕೊಳ್ಳಿ ಎನ್ನುವ ಅದೇ ದನಿ. 2021ರ ಮಾರ್ಚ್ 8ರಂದು ಇಡೀ ದೇಶದಲ್ಲೇ ಓಟಿಪಿಗಳು ಹಳ್ಳ ಹಿಡಿದವು. ಮೋಸದ ಮೆಸೇಜು ತಡೆಯಲೆಂದು ಟ್ರಾಯ್ ತಂದ ಹೊಸ ಜರಡಿಯಲ್ಲಿ, ಮೊದಲೇ ನೋಂದಾಯಿಸಿದ ನಮೂನೆಗೆ ಹೊಂದದ ಮೆಸೇಜುಗಳೆಲ್ಲ ಸಿಕ್ಕಿಬಿದ್ದವು. ಅವುಗಳಲ್ಲಿ ಬ್ಯಾಂಕುಗಳವೇ ಎಷ್ಟೋ ಇದ್ದವು. ಜರಡಿಯನ್ನು ಏಳು ದಿನ ಅಟ್ಟಕ್ಕೆ ಹಾಕಬೇಕಾಯಿತು. ಆ ದಿನ ಅಂಗಡಿ ಮುಂದೆ, ಬ್ಯಾಂಕಿನ ಮುಂದೆ ‘ಬಂತಾ, ಬಂತಾ’ ಎನ್ನುತ್ತ ಫೋನು ಮೇಲೆತ್ತಿ ನಿಂತವರಿಗೆ, ತಪ್ಪು ತಮ್ಮ ಫೋನಿನದಲ್ಲ ಎಂದು ಯಾರೂ ಹೇಳಲಿಲ್ಲ.

ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂತೇ ಎಂದು ಹಳ್ಳಿಯ ಹೆಂಗಸರು ಕೇಳಿಕೊಳ್ಳುವುದು ‘ದುಡ್ಡು ಬಂತಾ’ ಎಂದಲ್ಲ, ‘ಮೆಸೇಜು ಬಂತಾ’ ಎಂದು. ಮೆಸೇಜು ಬಾರದಿದ್ದರೆ ದುಡ್ಡಿಲ್ಲ. ಆಟೋಗೆ ಐವತ್ತು ಕೊಟ್ಟು ಬ್ಯಾಂಕಿಗೆ ಹೋಗಿ ಕ್ಯೂ ನಿಂತು ಪಾಸ್‌ಬುಕ್ಕು ತೋರಿಸಿದರೆ, ‘ಹೋದ ವಾರವೇ ಜಮಾ ಆಗಿದೆಯಲ್ಲಮ್ಮ, ಮೆಸೇಜು ನೋಡ್ಲಿಲ್ವಾ’ ಎನ್ನುತ್ತಾರೆ. ಆಕೆ ಫೋನು ತೆರೆದು ತೋರಿಸಿದರೆ ಮೇಲಿಂದ ಕೆಳಗಿನವರೆಗೂ ಸಾಲ, ರಮ್ಮಿ ಆಟ, ಸೈಟು, ಮತ್ತೆ ಸಾಲ.

ಇಷ್ಟರ ನಡುವೆ ನ್ಯಾಯಾಲಯಗಳೂ ಗೀಟುಗಳ ವಿಚಾರಣೆಗೆ ಇಳಿದಿವೆ. 2018ರಲ್ಲಿ ಬಾಂಬೆ ಹೈಕೋರ್ಟು, ಬಾಕಿದಾರನೊಬ್ಬನಿಗೆ ವಾಟ್ಸಾಪಿನಲ್ಲಿ ಕಳಿಸಿದ ನೋಟಿಸು ಮುಟ್ಟಿದ್ದಷ್ಟೇ ಅಲ್ಲ, ಆತ ತೆರೆದೂ ನೋಡಿದ್ದಾನೆ ಎಂಬುದಕ್ಕೆ ಗೀಟುಗಳನ್ನೇ ಪುರಾವೆಯಾಗಿ ಒಪ್ಪಿತು. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಸುಪ್ರೀಂ ಕೋರ್ಟು ಸಮನ್ಸುಗಳನ್ನು ಇಮೇಲಿನ ಜೊತೆಗೆ ಇಂಥ ಆ್ಯಪುಗಳಲ್ಲೂ ಕಳಿಸಬಹುದೆಂದಿತು. ಹಾಗೆಂದು ಖುಷಿಪಟ್ಟ ಪೊಲೀಸರು ಠಾಣೆಯಿಂದ ಏಳದೆಯೇ ವಾಟ್ಸಾಪಿನಲ್ಲಿ ‘ಹಾಜರಾಗತಕ್ಕದ್ದು’ ಎಂದು ಕಳಿಸತೊಡಗಿದರು. 2025ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟು, ಆರೋಪಿಗೆ ಹಾಜರಾಗಲು ಕೊಡುವ ನೋಟಿಸನ್ನು ಪೊಲೀಸರು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ, ಕಾನೂನು ಹೇಳಿದ ಕ್ರಮದಲ್ಲೇ ಮುಟ್ಟಿಸಬೇಕು ಎಂದು ರಾಜ್ಯಗಳಿಗೆಲ್ಲ ತಾಕೀತು ಮಾಡಿತು.

ಈ ತೀರ್ಪಿನ ಸುದ್ದಿಯನ್ನು ನಮ್ಮ ಸೋದರತ್ತೆಗೆ ಓದಿ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ನಾದಿನಿಯ ಮಗನ ಮದುವೆಯ ಕರೆಯೋಲೆ ಅವರಿಗೆ ವಾಟ್ಸಾಪಿನಲ್ಲಿ ಬಂದಿತ್ತು. ಗಣಪತಿಯ ಚಿತ್ರ, ಹಿನ್ನೆಲೆಯಲ್ಲಿ ವಾಲಗ, ಎರಡು ಗೀಟು ನೀಲಿ, ಎಲ್ಲ ಸರಿಯಾಗಿತ್ತು. ಅತ್ತೆ ಮದುವೆಗೆ ಹೋಗಲಿಲ್ಲ. ‘ಕುಂಕುಮದ ಬಟ್ಟಲು ಹಿಡ್ಕೊಂಡು ಮನೆಗೆ ಬಂದು ಕರೀಬೇಕಿತ್ತೋ ಇಲ್ವೋ? ಕಳ್ಳನ್ನ ಕರೆಯೋಕೇ ಪೊಲೀಸ್ನೋರು ಮನೆಗೆ ಬರಬೇಕಂತೆ, ನಾವು ಹೆಣ್ಣು ಕೊಟ್ಟ ಮನೆಯೋರು’ ಎಂದರು. ಆಮೇಲೆ ಆ ಸುದ್ದಿಯ ಲಿಂಕನ್ನು ತಮಗೆ ಕಳಿಸೆಂದರು. ನಾದಿನಿಗೆ ಫಾರ್ವರ್ಡ್ ಮಾಡಬೇಕಂತೆ.