ಸದ್ದು ಮಾಡದವು ಮೊದಲು

ನಮ್ಮ ಆಲ್ಟೊ 2009ರದ್ದು. ಮೀಟರು ಒಂದೂ ಮುಕ್ಕಾಲು ಲಕ್ಷ ಕಿಲೋಮೀಟರ್ ದಾಟಿದೆ. 15 ವರ್ಷ ತುಂಬಿದಾಗ ಆರ್‌ಟಿಒ ಮುಂದೆ ತಪಾಸಣೆಗೆ ನಿಂತು, ಹಸಿರು ತೆರಿಗೆ ಕಟ್ಟಿಸಿ, ಇನ್ನು 5 ವರ್ಷದ ಆಯುಷ್ಯ ಬರೆಸಿಕೊಂಡು ಬಂದಿತು. ಆಯುಷ್ಯ ಸರ್ಕಾರದ್ದು, ಔಷಧಿ ಖರ್ಚು ನನ್ನದು.

ಈ ಸಲ ಗ್ಯಾರೇಜಿನ ಮೇಸ್ತ್ರಿ ಗಾಡಿಗೆ ಒಂದು ಸುತ್ತು ಬಂದು, ಅಡಿಗೆ ನುಸುಳಿ, ಹೊರಬಂದು ಕೈ ಒರೆಸಿಕೊಳ್ಳುತ್ತ 38 ಸಾವಿರದ ಪಟ್ಟಿ ಹೇಳಿದರು. "ಇಷ್ಟಕ್ಕೆ ಇನ್ನೊಂದು ಹಳೇ ಕಾರೇ ಬರ್ತದಲ್ರೀ" ಅಂದೆ. "ಬರ್ತದೆ ಸಾರ್. ಅದಕ್ಕೂ ಇಷ್ಟೇ ಉದ್ದದ ಪಟ್ಟಿ ಇರ್ತದೆ" ಅಂದರು. ನನ್ನ ಹತ್ತಿರ ಇದ್ದದ್ದು 12 ಸಾವಿರ.

ಪಟ್ಟಿ ಮನೆಗೆ ಬಂದದ್ದೇ ತಡ, ಎಲ್ಲರೂ ಅರ್ಥಮಂತ್ರಿಗಳಾದರು. ಹೆಂಡತಿಯ ಕಣ್ಣು ಬಂಪರಿನ ಗೀರಿನ ಮೇಲೆ: "ಮದುವೆ ಹಾಲ್ ಎದುರು ಇದರಿಂದ ಇಳಿಯುವುದು ಹೇಗೆ ಮಾರಾಯ್ರೆ?" ಮಗ ಪಟ್ಟಿಯಲ್ಲೇ ಇಲ್ಲದ ಬ್ಲೂಟೂತ್ ಸ್ಟೀರಿಯೊ ಸೇರಿಸಿದ. ಅಮ್ಮನದು ಒಂದೇ ಹಟ: "ಅದೆಂತದೋ ಅಡಿಗೆ ಕಟಕಟ ಅಂತದಲ್ಲ, ಅದನ್ನ ಮೊದ್ಲು ಮಾಡ್ಸು." ಗಲಾಟೆ ಮಾಡಿದವರ ಕ್ಷೇತ್ರಕ್ಕೇ ಅನುದಾನ ಸಿಗುವುದು ಕಾರಿನಲ್ಲೂ ಹಾಗೆಯೇ.

ಆದರೆ ಹಳೇ ಗಾಡಿಯಲ್ಲಿ ಪ್ರಾಣಕ್ಕೆ ಎರವಾಗುವವು ಹೆಚ್ಚಾಗಿ ಬಾಯಿಯೇ ಬಿಡುವುದಿಲ್ಲ. ಬ್ರೇಕ್ ಆಯಿಲನ್ನೇ ನೋಡಿ. ಬಾನೆಟ್ಟಿನಡಿ ಸಣ್ಣ ಡಬ್ಬಿಯಲ್ಲಿ ಸುಮ್ಮನೆ ಕೂತು, ಗಾಳಿಯ ತೇವ ಹೀರಿಕೊಳ್ಳುತ್ತ ಇರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೇನು ಕೊರತೆ! ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಊರೊಳಗೆ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಹೆಂಡತಿಯ ತವರಿಗೆಂದು ಆಗುಂಬೆ ಘಾಟಿಯ 14 ತಿರುವು ಇಳಿಯುತ್ತ ಕಾಲು ಬ್ರೇಕಿನ ಮೇಲೆಯೇ ಇದ್ದರೆ, ಆಯಿಲ್ ಕುದ್ದು ಪೈಪಿನಲ್ಲಿ ಆವಿಯ ಗುಳ್ಳೆ ಕಟ್ಟುತ್ತದೆ. ಪೆಡಲು ಮೆತ್ತಗೆ ನೆಲಕ್ಕಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಲು ಕೆಲವು ನೂರು ರೂಪಾಯಿ ಸಾಕು. ಬಂಪರಿನ ಬಣ್ಣಕ್ಕೆ ಅದರ ಹಲವು ಪಟ್ಟು. ಅರ್ಥಮಂತ್ರಿಗಳಿಗೆ ಈ ಲೆಕ್ಕ ಒಪ್ಪಿಸುವುದು ಕಷ್ಟ, ಯಾಕೆಂದರೆ ಹೊಸ ಬ್ರೇಕ್ ಆಯಿಲನ್ನು ನೆಂಟರಿಗೆ ತೋರಿಸಲು ಬರುವುದಿಲ್ಲ.

ಟೈರೂ ಅದೇ ಜಾತಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ನಮ್ಮ ಹಿಂದಿನ ಎರಡರಲ್ಲಿ 1416 ಎಂದಿತ್ತು. 2016ರ 14ನೇ ವಾರದಲ್ಲಿ ತಯಾರಾದವು ಎಂದರ್ಥ. ಗ್ರಿಪ್ಪು 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಕತೆ ಮುಗಿಯಿತು, ಸರಿ. ಇವುಗಳಲ್ಲಿ ಗ್ರಿಪ್ಪು ಇನ್ನೂ ಇತ್ತು, ಆದರೆ ಬಗ್ಗಿ ನೋಡಿದರೆ ಸಂದಿಸಂದಿಯಲ್ಲಿ ಕೂದಲೆಳೆಯಂಥ ಬಿರುಕು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಎರಡೂ ಹೋದವು, 12 ಸಾವಿರದಲ್ಲಿ ಅರ್ಧದಷ್ಟನ್ನು ತಾವೇ ತಿಂದವು.

ಉಳಿದದ್ದರಲ್ಲಿ ಬ್ರೇಕ್ ಪ್ಯಾಡು, ಎಂಜಿನ್ ಆಯಿಲ್, ಹಿಸುಕಿದರೆ ಹಪ್ಪಳದಂತೆ ಚಟಚಟ ಎನ್ನುತ್ತಿದ್ದ ರೇಡಿಯೇಟರ್ ಹೋಸು. ಟೈಮಿಂಗ್ ಬೆಲ್ಟಿಗೆ ಸ್ವಲ್ಪ ಚೌಕಾಸಿ ಆಯಿತು. "ಇನ್ನೊಂದು ವರ್ಷ ತಳ್ಳಬಹುದಾ?" ಅಂದೆ. "ತಳ್ಳಬಹುದು ಸಾರ್, ಬೆಲ್ಟನ್ನಲ್ಲ, ಗಾಡಿಯನ್ನ" ಅಂದರು ಮೇಸ್ತ್ರಿ. ಹಾಕಿಸಿದೆ. ಇಳಿಯದ ಕಿಟಕಿ ಗಾಜು, ತಣ್ಣಗಾಗದ ಎ.ಸಿ., ಬಂಪರು, ಸ್ಟೀರಿಯೊ ಎಲ್ಲ ಮುಂದಿನ ಬಜೆಟ್ಟಿಗೆ.

ಹೊರಡುವಾಗ ಅಮ್ಮನ ಕಟಕಟ ನೆನಪಾಯಿತು. ಮೇಸ್ತ್ರಿ ಮತ್ತೆ ಅಡಿಗೆ ನುಸುಳಿ, ಸೈಲೆನ್ಸರಿನ ಮೇಲೆ ಸಡಿಲಾಗಿದ್ದ ತಗಡಿಗೆ ಗೇಣುದ್ದ ತಂತಿ ಬಿಗಿದರು. ದುಡ್ಡು ತಗೊಳ್ಳಲಿಲ್ಲ.

ಮರುದಿನ ದೇವಸ್ಥಾನಕ್ಕೆ ಹೋಗಿ ಬರುವಾಗ ಅಮ್ಮ ಹಿಂದಿನ ಸೀಟಿನಲ್ಲಿ ಕಿವಿಗೊಟ್ಟು ಕೂತಿದ್ದರು. ಮನೆ ಮುಂದೆ ಇಳಿದು ಬಾಗಿಲು ಹಾಕುತ್ತ ಹೇಳಿದರು: "ಒಳ್ಳೇ ಕೆಲಸಗಾರ ಮಾರಾಯ. 12 ಸಾವಿರ ಕೊಟ್ಟದ್ದಕ್ಕೂ ಸಾರ್ಥಕ ಆಯ್ತು, ಒಂಚೂರೂ ಸದ್ದಿಲ್ಲ."