ಹೋಗದ ಬೀಗರು

ಗುತ್ತಲದಲ್ಲಿ ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ನೋಡುವವನಿಗೆ, ಊರಿನ ಲೆಕ್ಕದಲ್ಲಿ, ಕೆಲಸವಿಲ್ಲ. ಹೊಲಕ್ಕೆ ಹೋಗಬೇಕು, ಇಲ್ಲವೆ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಒಯ್ಯಬೇಕು, ಕೊನೆಗೆ ಹಾವೇರಿ ಬಸ್ಸಾದರೂ ಹತ್ತಬೇಕು. ನಮ್ಮ ಕಾಕಾ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದರು:

“ಏನ್ ಮಾಡಾಕತ್ತೀಯೋ ತಮ್ಮಾ?”

“ನೆಟ್‌ವರ್ಕ್ ಸಾಫ್ಟ್‌ವೇರ್ ರಿಪೇರಿ ಕಾಕಾ.”

“ಪಗಾರ ಎಷ್ಟ ಕೊಡ್ತಾರ?”

“ಇದು ಪುಕ್ಕಟೆ.”

ಅಂದಿನಿಂದ ಅವರು ನಮ್ಮವ್ವನನ್ನು ಬಹಳ ಕರುಣೆಯಿಂದ ಮಾತಾಡಿಸುತ್ತಾರೆ.

ಒಂದೇ ಸರ್ವರಿನಲ್ಲಿ ಹತ್ತಾರು ವರ್ಚುವಲ್ ಕಂಪ್ಯೂಟರುಗಳಿದ್ದಾಗ, ಅವುಗಳ ನಡುವಿನ ಓಡಾಟಕ್ಕೆ ತಂತಿ ಚುಚ್ಚುವ ಡಬ್ಬಿ ಬೇಡ. ಆ ಡಬ್ಬಿಯ ಕೆಲಸವನ್ನು ಒಂದು ಪ್ರೋಗ್ರಾಮೇ ಮಾಡುತ್ತದೆ. ಈ ಪೈಕಿ ಓಪನ್ ವಿಸ್ವಿಚ್ ಹೆಸರುವಾಸಿ. 2009ರಲ್ಲಿ ಹೊರಬಂತು, ಅದರ ಒಂದು ಭಾಗ 2012ರಲ್ಲಿ ಲಿನಕ್ಸ್ 3.3 ಕರ್ನೆಲ್ಲಿನೊಳಗೇ ಸೇರಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನಾನು ಕೈ ಹಾಕಿದ್ದು ಅದೇ ಜಾತಿಯ ಇನ್ನೊಂದಕ್ಕೆ. ಹೆಸರು ಬೇಡ, ಮರ್ಯಾದಸ್ಥ ಮನೆತನ.

ಇಂಥ ಪ್ರೋಗ್ರಾಮಿನಲ್ಲಿ ಪ್ರತಿ ಡಿವೈಸಿಗೂ, ಅಂದರೆ ಆ ಓಡಾಟದ ಪ್ರತಿ ಬಾಗಿಲಿಗೂ, ಒಂದು ಎಣಿಕೆ ಇರುತ್ತದೆ. ತೆರೆದರೆ ಒಂದು ಕೂಡುತ್ತದೆ, ಮುಚ್ಚಿದರೆ ಒಂದು ಕಳೆಯುತ್ತದೆ, ಸೊನ್ನೆಯಾದ ಮೇಲೆಯೇ ಡಿವೈಸಿಗೆ ಮುಕ್ತಿ. ಎಲ್ಲ ಸುಸೂತ್ರ ನಡೆದರೆ ಲೆಕ್ಕ ತಪ್ಪುವುದಿಲ್ಲ. ಆದರೆ ಇಲ್ಲಿ ಡಿವೈಸ್ ತೆರೆದಾಗಿತ್ತು, ಮುಂದಿನ ಸೆಟ್ಟಿಂಗ್ ಕೈಕೊಟ್ಟಿತ್ತು, ಪ್ರೋಗ್ರಾಮು ‘ಎರರ್’ ಎಂದು ಕೂಗಿ, ಮುಚ್ಚುವುದನ್ನೂ ಮರೆತು ಓಟ ಕಿತ್ತಿತ್ತು. ಎಣಿಕೆ ಒಂದಕ್ಕೇ ನಿಂತಿತು. ಪಟ್ಟಿ ತೆಗೆದರೆ ಆ ಡಿವೈಸ್ ಇಲ್ಲ. ಅದೇ ಹೆಸರಿನಲ್ಲಿ ಬೇರೆ ಬಗೆಯದನ್ನು ಸೇರಿಸಹೋದರೆ ‘ಆಗಲೇ ಇದೆ’ ಎಂಬ ಉತ್ತರ! ಕರ್ನೆಲ್ಲಿಗೂ ಈ ಕಾಯಿಲೆ ಗೊತ್ತು. ಯಾರೋ ಹಿಡಿದುಕೊಂಡೇ ಕೂತ ಡಿವೈಸನ್ನು ತೆಗೆಯಹೋದಾಗ, ಕರ್ನೆಲ್ಲು ಹತ್ತು ಸೆಕೆಂಡಿಗೊಮ್ಮೆ ‘ಬಿಡುಗಡೆಗೆ ಕಾಯುತ್ತಿದ್ದೇನೆ, ಬಳಕೆ ಎಣಿಕೆ ಇನ್ನೂ ಇಷ್ಟು’ ಎಂಬರ್ಥದಲ್ಲಿ ಲಾಗಿನೊಳಗೆ ಗೋಳಾಡುತ್ತದೆ.

ಕಾಕಾಗೆ ವಿವರಿಸಿದೆ. “ಹಂಗಾದ್ರ ಮದುವಿ ಮುಗದ್ರೂ ಹೋಗದ ಬೀಗರು ಅನ್ನು,” ಎಂದರು. “ಊಟದ ಲೆಕ್ಕದಾಗ ಇಲ್ಲ, ಖೋಲಿ ಮಾತ್ರ ಬಿಟ್ಟಿಲ್ಲ.” ಇಷ್ಟು ಚೊಕ್ಕ ವಿವರಣೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಹೆಸರು ಬಿಡದ ಹಟ ನಮ್ಮೂರಿಗೆ ಹೊಸದಲ್ಲ. ಇಲ್ಲಿ ಆಳಿದ ಗುತ್ತರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು, ಮುಂದೆ ಸೇವುಣರಿಗೂ ಆದರು. ಒಡೆಯರು ಬದಲಾದರೂ ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂಬುದನ್ನು ಮಾತ್ರ ಬಿಡಲಿಲ್ಲ. ಹಳೆಯ ಗುರುತನ್ನು ಅಷ್ಟು ಬಿಗಿಯಾಗಿ ಹಿಡಿದದ್ದು, ಅವರ ನಂತರ, ನನ್ನ ಡಿವೈಸೇ.

ತಿದ್ದುಪಡಿ ಒಂದೇ ಸಾಲು: ಓಡುವ ಮುನ್ನ ಮುಚ್ಚು. ಆ ಸಾಲು ಯಾಕೆ ಬೇಕೆಂಬ ವಿವರಣೆ ಅದಕ್ಕಿಂತ ಉದ್ದ. ಪರಿಶೀಲಿಸಿದ ಪುಣ್ಯಾತ್ಮರು ‘ಪರೀಕ್ಷೆ ಎಲ್ಲಿ?’ ಎಂದರು, ಅದು ವಿವರಣೆಗಿಂತ ಉದ್ದವಾಯಿತು. ಕೊನೆಗೆ ‘ಇದನ್ನು ಕೊಡಲು ನನಗೆ ಹಕ್ಕಿದೆ’ ಎಂಬ ಸಹಿಯ ಸಾಲು. 2004ರಲ್ಲಿ ಲಿನಕ್ಸ್ ಮಂದಿ ತಂದ ಪದ್ಧತಿ ಇದು. ಹೊಲ ಮಾರುವಾಗಲೂ ನಮ್ಮಲ್ಲಿ ಇಷ್ಟು ವಿಚಾರಣೆ ನಡೆಯುವುದಿಲ್ಲ.

ಸಿ ಭಾಷೆ ಬಲ್ಲ ಓದುಗರಲ್ಲಿ ಒಂದು ಬಿನ್ನಹ. ಎಲ್ಲ ಸರಿ ನಡೆಯುವ ಸಾಲುಗಳನ್ನು ಓದುವವರು ಬೇಕಾದಷ್ಟು ಜನ ಇದ್ದಾರೆ. ಎರರ್ ಬಂದಾಗ ಓಡುವ ಸಾಲುಗಳನ್ನು ನೀವು ಒಮ್ಮೆ ಓದಿ ನೋಡಿ. ಅಂಥ ಬೀಗರು ಇನ್ನೂ ಇದ್ದಾರು.