ವಾರಕ್ಕೊಂದು ತಾಸು ದುಡಿದರೆ ಸಾಕಂತ!

ದಿಲ್ಲಿ, ಬೆಂಗಳೂರುಗಳಲ್ಲಿ ಕುಳಿತು ದೇಶದ ಬೆಳವಣಿಗೆ, ಜನಸಂಖ್ಯೆ, ಉದ್ಯೋಗದ ಮೇಲೆ ವರದಿ ಬರೆಯುವ ಸಮಸ್ತ ತಜ್ಞ ಸಾಹೇಬರಿಗೆ,

ಇಂಡಿ ತಾಲೂಕು ಹೊರ್ತಿಯಿಂದ ಶರಣು ಶರಣಾರ್ಥಿ.

ಮೊದಲಿಗೆ ಅಭಿನಂದನೆ. ಜಪಾನನ್ನು ಹಿಂದೆ ಹಾಕಿ ಜಗತ್ತಿನ ನಾಲ್ಕನೇ ದೊಡ್ಡ ಆರ್ಥಿಕತೆ ಆದೆವೆಂದು ನೀತಿ ಆಯೋಗದ ಸಿಇಒ 2025ರ ಮೇ ತಿಂಗಳಲ್ಲಿ ಹೇಳಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪೇಪರಿನಲ್ಲಿ ಓದಿದೆವು. ಎದುರಿಗೇ ಸೊಲ್ಲಾಪುರದ ಕಡೆ ಹೊರಟ ಗಾಡಿಗೆ ಗಂಟುಮೂಟೆ ಏರಿಸುತ್ತಿದ್ದರು. ಜಪಾನಿನವರಿಗೆ ಹೇಗನಿಸಿತೋ, ನಮ್ಮವರಿಗಂತೂ ಸೀಟು ಸಿಗಲಿಲ್ಲ.

ಮಕ್ಕಳ ವಿಷಯದಲ್ಲೂ ನಿಮ್ಮ ಮಾತು ಮೀರಿದವರಲ್ಲ ನಾವು. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂದು ಗೋಡೆಗೆ ಬರೆಸಿದಿರಿ, ಕೇಳಿದೆವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಈಗ ಪಕ್ಕದ ರಾಜ್ಯದ ಮುಖ್ಯಮಂತ್ರಿಗಳು ಇನ್ನಷ್ಟು ಹಡೆಯಿರಿ ಅನ್ನುತ್ತಿದ್ದಾರೆ. ಮುಂದೆ ಮುದುಕರೇ ತುಂಬಿಕೊಳ್ಳುತ್ತಾರೆ ಎಂದು ನಿಮಗೆ ಚಿಂತೆ. ನಮ್ಮ ಓಣಿಗೆ ಆ ಮುಂದು ಎಂದೋ ಬಂದಿದೆ. ದೀಪಾವಳಿ ದಾಟಿತೆಂದರೆ ಇಲ್ಲಿ ಉಳಿಯುವವರು ಮುದುಕರು, ಅವರ ಸೆರಗು ಹಿಡಿದ ಮೊಮ್ಮಕ್ಕಳು, ನಾಯಿಗಳು.

ಈಗ ನಿನ್ನೆಯದಕ್ಕೆ ಬರುತ್ತೇನೆ. "ಉದ್ಯೋಗದ ಸರ್ವೆಯವರು ಬರ್ತಾರ, ಮುಂಜಾನೆ ಪಂಚಾಯ್ತಿ ಹಂತೇಲಿ ಇರ್ರಿ" ಎಂದು ಹೇಳಿಕಳಿಸಿದ್ದರು. ಲಿಂಬೆ ಹರಿಯುವ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕುಳಿತೆ. ಊಟದ ಹೊತ್ತಾಯಿತು, ಊಟದ ಹೊತ್ತು ಹೋಯಿತು. ಹೊತ್ತು ಇಳಿದ ಮೇಲೆ ಒಬ್ಬ ಹುಡುಗ ಟ್ಯಾಬ್ ಹಿಡಿದುಕೊಂಡು ಬಂದ. ನೆಟ್‌ವರ್ಕ್ ಇಲ್ಲವೆಂದು ಮಾಳಿಗೆ ಹತ್ತಿದ, ಇಳಿದ, ಮತ್ತೆ ಹತ್ತಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಗುತ್ತಿಗೆಯ ಮೇಲೆ ಇರುವವನೇ. ಚಹಾ ನಾನೇ ಕುಡಿಸಿದೆ. ಆ ರೊಕ್ಕವನ್ನು ಜಿಡಿಪಿಯಲ್ಲಿ ಹಿಡಿದುಕೊಳ್ಳಿ.

ಮೊದಲನೇ ಮನೆ, ಬೀಗ. "ಇವರೆಲ್ಲಿ?" "ಕಬ್ಬು ಕಡಿಯಾಕ ಹೋಗ್ಯಾರ." ಎರಡನೇದು, ಬೀಗ. "ಇವರು?" "ಪುಣಾದಾಗ ಸೆಂಟ್ರಿಂಗ್ ಕೆಲಸ." ಮೂರನೇದು? "ಗೋವಾ." ಹುಡುಗ ಮೂರಕ್ಕೂ ಒಂದೇ ಗುಂಡಿ ಒತ್ತಿದ: ಮನೆ ಬೀಗ ಹಾಕಿದೆ.

ನಾಲ್ಕನೇ ಮನೆಯಲ್ಲಿ ಅಜ್ಜಿ ಸಿಕ್ಕಳು. ಗೋಣಿತಟ್ಟಿನ ಮೇಲೆ ಲಿಂಬೆ ಸುರುವಿಕೊಂಡು ದಪ್ಪನೆಯವನ್ನು ಒಂದು ಕಡೆ, ಸಣ್ಣವನ್ನು ಒಂದು ಕಡೆ, ಚುಕ್ಕಿ ಬಿದ್ದವನ್ನು ಬುಟ್ಟಿಗೆ ಹಾಕುತ್ತಿದ್ದಳು. "ಕಳೆದ ಏಳು ದಿನದಲ್ಲಿ ಕೆಲಸ ಮಾಡಿದ್ದೀರಾ ಅಜ್ಜಿ?" "ಏನ್ ಕೆಲಸ ತಮ್ಮಾ? ಕೆಲಸ ಇದ್ದಿದ್ರ ಮಗ ಯಾಕ ಹೋಗ್ತಿದ್ದ? ನಮ್ಮ ಗಿಡದ ಕಾಯಿ, ಕುಂತಲ್ಲೇ ಆರಸ್ತೀನಿ." "ದಿನಕ್ಕೆ ಎಷ್ಟು ಹೊತ್ತು?" "ಒಂದ್ ತಾಸ್ ಇರಬೇಕು."

ಹುಡುಗನ ಮುಖ ಅರಳಿತು. ಅಜ್ಜಿ ಉದ್ಯೋಗಸ್ಥೆ!

ಇದು ಅವನ ಕೈಚಳಕವಲ್ಲ. ಸರಕಾರದ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕವೇ ಹೀಗಿದೆ. ಏಳು ದಿನದಲ್ಲಿ ಒಂದು ದಿನ, ಆ ದಿನದಲ್ಲಿ ಒಂದು ತಾಸು ದುಡಿದರೂ ಅವನು ಕೆಲಸದಲ್ಲಿದ್ದವನು. ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ಕೈಗೂಡಿಸಿದರೂ ಸೈ. ಈ ಲೆಕ್ಕದಲ್ಲಿ 2025ರ ಏಪ್ರಿಲ್‌ನಲ್ಲಿ ದೇಶದ ನಿರುದ್ಯೋಗ ಶೇ 5.1 ಬಂತು. ಜಗತ್ತೆಲ್ಲ ಹೀಗೇ ಎಣಿಸುತ್ತದೆ ಅನ್ನುತ್ತೀರಿ. ಎಣಿಸಲಿ. ಜಿನೀವಾದಲ್ಲಿ ಒಂದು ತಾಸು ದುಡಿದವನು ರಾತ್ರಿ ಏನು ಉಣ್ಣುತ್ತಾನೆ, ಹೊರ್ತಿಯಲ್ಲಿ ದುಡಿದವನು ಏನು ಉಣ್ಣುತ್ತಾನೆ, ಅದನ್ನೂ ಒಂದು ವರದಿ ಮಾಡಿ.

ಅತ್ತ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ವಾರಕ್ಕೆ 70 ತಾಸು ದುಡಿಯಿರಿ ಎಂದರು. ಎಲ್ ಆ್ಯಂಡ್ ಟಿ ಅಧ್ಯಕ್ಷರು 2025ರಲ್ಲಿ 90ಕ್ಕೆ ಏರಿಸಿದರು. ಅಷ್ಟು ಕೆಲಸ ಕೊಡ್ರಿ ಸಾಹೇಬ್ರ, ಯಾರು ಬ್ಯಾಡ ಅಂದಾರ? ಕಬ್ಬಿನ ಟೋಳಿಯವರು ನಸುಕಿನಲ್ಲಿ ಕುಡುಗೋಲು ಹಿಡಿದರೆ ಹೊತ್ತು ಮುಳುಗುವವರೆಗೆ ಕಡಿಯುತ್ತಾರೆ. ನಡುರಾತ್ರಿ ಲಾರಿ ಬಂದರೆ ಎದ್ದು ಹೇರುತ್ತಾರೆ. ಅಲ್ಲಿ ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ. ಟೋಳಿ ಕಟ್ಟುವ ಮುಕಾದಮ್ ಮುಂಗಡ ಕೊಡುವುದು ಜೋಡಿಗೆ. ಅಲ್ಲಿ ಹಗಲುರಾತ್ರಿ ದುಡಿದ ಇಬ್ಬರು ಕೂಡಿ ಒಬ್ಬರು, ಇಲ್ಲಿ ಒಂದು ತಾಸು ಕುಂತ ಅಜ್ಜಿ ಪೂರ್ತಿ ಒಬ್ಬರು. ಎಂಥ ಗಣಿತ ಇದು? ಆ ಜೋಡಿಯ ಕೂಸು ಕಬ್ಬಿನ ರವದಿಯ ಮೇಲೆ ಮಲಗಿರುತ್ತದೆ, ದೊಡ್ಡವನ ಸಾಲಿ ತಪ್ಪಿರುತ್ತದೆ. ಅವರನ್ನು ಯಾವ ಕಾಲಂನಲ್ಲಿ ಹಾಕಿದ್ದೀರಿ? ಬೀಗದ ಕಾಲಂನಲ್ಲಿ. ನಾಚಿಕೆ ಆಗುವುದಿಲ್ಲವೆ?

ಹೋಗಲಿ. ವರದಿಗೆ ನಮ್ಮಲ್ಲಿ ಬರಗಾಲ ಬಂದದ್ದೇ ಇಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ 114 ಹಿಂದುಳಿದ ತಾಲೂಕು ಎಣಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಯಾವುದನ್ನೂ ಬಿಡಲಿಲ್ಲ. 2024ರಲ್ಲಿ ಗೋವಿಂದರಾವ್ ಸಮಿತಿ ಮಾಡಿ ಮತ್ತೆ ಎಣಿಸಹಚ್ಚಿದಿರಿ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಗುರುತು ಸಿಕ್ಕಿತು, ಸಂತೋಷ. ಕಾಯಿ ಯಾವ ಊರಿನದೆಂದು ಈಗ ಸರಕಾರಕ್ಕೆ ಗೊತ್ತು. ಕಾಯಿ ಹರಿಯುವವ ಯಾವ ಊರಿನವನೆಂದು ಪುಣೆಯ ಶೆಡ್ಡಿನಲ್ಲಿ ಹೋಗಿ ಕೇಳಬೇಕು.

ಕೊನೆಗೊಂದು ಅರಿಕೆ. 2011ರ ನಂತರ ಜನಗಣತಿ ಮಾಡಲಿಲ್ಲ ನೀವು. ಈಗ ಮಾಡುತ್ತೀರಂತೆ, 2027ರ ಮಾರ್ಚ್ 1ರ ಲೆಕ್ಕಕ್ಕೆ. ಯಾರು ಆರಿಸಿದರು ಸ್ವಾಮಿ ಈ ಮುಹೂರ್ತ? ಆಗಿನ್ನೂ ಕಬ್ಬಿನ ಹಂಗಾಮು ಮುಗಿದಿರುವುದಿಲ್ಲ. ಫೆಬ್ರುವರಿಯಲ್ಲಿ ಎಣಿಸಲು ಬಂದರೆ ನಿಮಗೆ ಬೀಗಗಳ ಸಂಖ್ಯೆ ಚೊಕ್ಕಾಗಿ ಸಿಗುತ್ತದೆ. ಜನರೇ ಬೇಕಿದ್ದರೆ ಉಗಾದಿಗೆ ಬನ್ನಿ. ಆ ವರ್ಷ ಏಪ್ರಿಲ್ 7ಕ್ಕೆ ಹಬ್ಬ. ಮಂದಿ ಮನೆಗೆ ಬಂದಿರುತ್ತಾರೆ. ಬರುವಾಗ ಟ್ಯಾಬ್ ಚಾರ್ಜ್ ಮಾಡಿಕೊಂಡು ಬನ್ನಿ. ಬೇವು ಬೆಲ್ಲ ನಾವು ಕೊಡುತ್ತೇವೆ. ಏಳು ದಿನದಲ್ಲಿ ಏನು ಮಾಡಿದಿರಿ ಎಂದು ಮಾತ್ರ ಕೇಳಬೇಡಿ, ಆರು ತಿಂಗಳಿನದು ಕೇಳಿ.

ಇಂತಿ ನಿಮ್ಮ,
ನಿಮ್ಮ ದಾರಿ ಕಾಯುತ್ತ ಕಟ್ಟೆಯ ಮೇಲೆ ಕುಳಿತ ತಾಸುಗಳನ್ನೂ ಹಿಡಿದರೆ ಪೂರ್ಣಾವಧಿ ಉದ್ಯೋಗಸ್ಥನಾದ,
ಹೊರ್ತಿಯ ಒಬ್ಬ ಲಿಂಬೆ ಬೆಳೆಗಾರ